ಓದುಗರ ಪ್ರಶ್ನೆ: ಜನವಿರಳ ಹಾದಿಯಲ್ಲಿ ಬೆಟ್ಟ ಹತ್ತುವಾಗ

ಪ್ರಶ್ನೆ: ಕಳೆದ ವರ್ಷ ಮಗಳೊಂದಿಗೆ ಮುಳ್ಳಯ್ಯನಗಿರಿಗೆ ಹೋಗಿದ್ದಾಗ ಅರ್ಧ ದಿನ ವಾಹನಗಳ ಸಾಲಿನಲ್ಲಿಯೇ ಕಳೆಯಿತು. ಈ ಸಲ ಜನಜಂಗುಳಿಯಿಲ್ಲದ ಕಾಡುದಾರಿಯಲ್ಲಿ ನಡೆಯಬೇಕೆಂದು ಕುದುರೆಮುಖ ಸೀಮೆಯ ಕುರಿಂಜಾಲ್ ಬೆಟ್ಟವನ್ನು ಆರಿಸಿಕೊಂಡಿದ್ದೇವೆ. ಮೊಬೈಲಿನಲ್ಲಿ ನಕ್ಷೆ ಇರುವಾಗಲೂ ಮಾರ್ಗದರ್ಶಕರು ಬೇಕೇ? ಇಂಬಳದ (ಕಾಡುಜಿಗಣೆಯ) ಕಾಟಕ್ಕೆ ಏನು ಮಾಡಬೇಕು? ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಹಾಸನ

ಉತ್ತರ: ಮಾರ್ಗದರ್ಶಕರು ಖಂಡಿತ ಬೇಕು. ಕುರಿಂಜಾಲ್ ಇರುವುದು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಹೆಜ್ಜೆಯಿಡುವಂತಿಲ್ಲ. ಅದನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆದುಕೊಳ್ಳಬೇಕು. ಇದನ್ನು ಕಿರಿಕಿರಿಯೆಂದು ಗೊಣಗುವವರಿದ್ದಾರೆ. ಆದರೆ ಇದೇ ಬೆಟ್ಟಸಾಲಿನಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತು, 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದಾಗಿ ಅದು ನಿಂತಿತು ಎಂಬುದನ್ನು ನೆನೆದರೆ, ನೀವು ಅರಸಿ ಹೊರಟಿರುವ ನಿಶ್ಶಬ್ದವನ್ನು ಎಷ್ಟು ಕಷ್ಟಪಟ್ಟು ಉಳಿಸಿಕೊಳ್ಳಲಾಗಿದೆ ಎಂಬುದು ತಿಳಿಯುತ್ತದೆ. ಚಾರಣಿಗರ ಸಂಖ್ಯೆಗೆ ಮಿತಿ ಹಾಕುವುದು ನನಗಂತೂ ನ್ಯಾಯವೆಂದೇ ತೋರುತ್ತದೆ.

ದಟ್ಟ ಕಾಡಿನೊಳಗೆ ದಾರಿ ತಪ್ಪುವ ಸಂಭವ ಕಡಿಮೆ, ಏಕೆಂದರೆ ಎರಡೂ ಬದಿಯ ಮರಗಳು ನಮ್ಮನ್ನು ದಾರಿಯಲ್ಲಿಯೇ ಇರಿಸುತ್ತವೆ. ಎಚ್ಚರ ಬೇಕಾಗುವುದು ಶೋಲಾ, ಅಂದರೆ ಕಣಿವೆಯ ದಟ್ಟ ಕಾಡು, ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿ. ಈ ಬೆಟ್ಟಗಳಲ್ಲಿ ಮಣ್ಣು ಆಳವಾಗಿದ್ದು ತೇವ ನಿಲ್ಲುವ ಕಣಿವೆಗಳಲ್ಲಿ ಮರಗಳು ಒತ್ತಾಗಿ ಬೆಳೆದರೆ, ಗಾಳಿ ಬಡಿಯುವ ತೆಳುಮಣ್ಣಿನ ಏಣುಗಳ ಮೇಲೆ ಹುಲ್ಲಷ್ಟೇ ಇರುತ್ತದೆ. ಆ ಹುಲ್ಲಿನಲ್ಲಿ ಕಾಟಿಗಳು (ಕಾಡುಕೋಣಗಳು) ಓಡಾಡಿ ಮೂಡಿದ ಜಾಡು ಎಷ್ಟೋ ಸಲ ಮನುಷ್ಯರ ಕಾಲುದಾರಿಗಿಂತ ಅಗಲವಾಗಿ, ಸಲೀಸಾಗಿ ಕಾಣುತ್ತದೆ. ಹೊಸಬರು ಅದನ್ನೇ ಹಿಡಿದು ನಡೆದರೆ ಅದು ನೀರಿನ ಕಡೆಗೋ ಇನ್ನೊಂದು ಶೋಲಾದ ಕಡೆಗೋ ಇಳಿದುಬಿಡುತ್ತದೆ. ಕೆಸರಿನಲ್ಲಿ ಎರಡು ಹೋಳಿನ ಗೊರಸಿನ ಗುರುತುಗಳೇ ತುಂಬಿದ್ದು ಒಂದೂ ಚಪ್ಪಲಿ, ಬೂಟಿನ ಗುರುತು ಇಲ್ಲದಿದ್ದರೆ ಅಲ್ಲಿಯೇ ನಿಂತು, ಬಂದ ದಾರಿಯಲ್ಲಿ ಹಿಂದಿರುಗಿ. ಕಾಡಿನಿಂದ ಹುಲ್ಲಿಗೆ ಕಾಲಿಟ್ಟ ಕೂಡಲೇ ಒಮ್ಮೆ ತಿರುಗಿ ನಿಂತು, ನೀವು ಹೊರಬಂದ ಕಂಡಿ ಯಾವ ಮರದ ಪಕ್ಕದಲ್ಲಿದೆ ಎಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ಇಳಿಯುವಾಗ ಕಾಡಿನ ಅಂಚೆಲ್ಲ ಒಂದೇ ಹಸಿರು ಗೋಡೆಯಂತೆ ಕಾಣುತ್ತದೆ.

ಮೊಬೈಲಿನ ನಕ್ಷೆ ನೀವಿರುವ ಜಾಗವನ್ನು ತೋರಿಸಬಹುದು. ಮುಂದಿನ ತಿರುವಿನಲ್ಲಿ ಕಾಟಿ ನಿಂತಿರುವುದನ್ನು ಅದು ತಿಳಿಸಲಾರದು. ಊರಿನ ಮಾರ್ಗದರ್ಶಕರು ಹಸಿ ಸೆಗಣಿ ಕಂಡರೆ, ಪೊದೆಯ ಹಿಂದೆ ಬುಸುಗುಟ್ಟಿದ ಸದ್ದು ಕೇಳಿದರೆ ಕೈಯೆತ್ತಿ ನಿಲ್ಲಿಸುತ್ತಾರೆ. ಜನ ಹೆಚ್ಚಿರುವ ದಾರಿಯಲ್ಲಿ ಕಾಲು ಉಳುಕಿದರೆ ಯಾರಾದರೂ ಸಿಗುತ್ತಾರೆ, ಇಲ್ಲಿ ನಿಮ್ಮ ಜೊತೆಗಿರುವವರೇ ದಿಕ್ಕು. ಮಂಜು ಕವಿದಾಗ ಅವಸರದಲ್ಲಿ ಇಳಿಯದೆ, ಅದು ಸರಿಯುವ ತನಕ ಕುಳಿತಿರಿ.

ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು.

ಇಂಬಳದ ವಿಷಯದಲ್ಲಿ ಹೆದರಿಕೆ ಬೇಡ. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ನೀರನ್ನು ಸವರಿಕೊಳ್ಳುವುದು ಮಲೆನಾಡಿನವರ ರೂಢಿ. ಕಚ್ಚಿಕೊಂಡಿದ್ದರೆ ಎಳೆದು ಕೀಳಬೇಡಿ. ಸಣ್ಣಗಿರುವ ತುದಿಯ ಕೆಳಗೆ ಉಗುರನ್ನು ಮೆಲ್ಲನೆ ಜಾರಿಸಿದರೆ ಅದು ಹಿಡಿತ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತಲೇ ಇರುತ್ತದೆ. ಮಗಳಿಗೆ ಇದನ್ನು ಮೊದಲೇ ಹೇಳಿಡಿ. ಗಾಯವನ್ನು ತೊಳೆದು ಹತ್ತಿಯಿಂದ ಒತ್ತಿ ಹಿಡಿಯಿರಿ. ಆಮೇಲೆ ನವೆಯಾದರೂ ಕೆರೆಯಬೇಡಿ.