ಶರ್ವಿಲಕ ನಿಜಕ್ಕೂ ಸ್ವತಂತ್ರನೆ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡವು ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಮೂರು ಮತ್ತು ನಾಲ್ಕನೆಯ ಅಂಕಗಳನ್ನು ಆಡಲು ಸಿದ್ಧತೆ ನಡೆಸಿದೆ. ಕನ್ನಗಳ್ಳ ಶರ್ವಿಲಕನೊಬ್ಬನೇ ಆ ನಾಟಕದಲ್ಲಿ ಸ್ವತಂತ್ರನೆಂದು ಪಾತ್ರಧಾರಿ ವಾದಿಸುತ್ತಾರೆ. ಎಷ್ಟೆಂದರೂ ಕಳ್ಳ ಕಳ್ಳನೇ ಎಂದು ಉಳಿದವರು. ತಾವೇನೆನ್ನುತ್ತೀರಿ?
– ಓದುಗರೊಬ್ಬರು, ಶಿರಸಿ

ಉತ್ತರ: ಪಾತ್ರಧಾರಿಯ ಮಾತಿಗೆ ನಾಟಕದಲ್ಲಿಯೇ ಆಧಾರವಿದೆ. ನಿದ್ರಿಸುವವರನ್ನು ವಂಚಿಸುವ ಈ ಕೆಲಸವನ್ನು ಜನ ನೀಚವೆಂದರೂ ಸರಿಯೇ, ಇನ್ನೊಬ್ಬರ ಸೇವೆಯಲ್ಲಿ ಕೈಮುಗಿದು ನಿಲ್ಲುವುದಕ್ಕಿಂತ ಸ್ವಾಧೀನನಾಗಿದ್ದು ನಿಂದೆಗೆ ಗುರಿಯಾಗುವುದೇ ಮೇಲೆಂದು ಶರ್ವಿಲಕ ಹೇಳುತ್ತಾನೆ. ರಾತ್ರಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನನ್ನು ಸಾಕ್ಷಿಗೆ ಕರೆಯುತ್ತಾನೆ. (ನಮ್ಮ ಸೀಮೆಯ ತಾಳಮದ್ದಳೆಯ ಅರ್ಥಧಾರಿಗಳಿಗೆ ಈ ಶ್ಲೋಕವೊಂದು ಸಿಕ್ಕರೆ ಬೆಳಗಿನ ಜಾವದವರೆಗೂ ಬಿಡಲಾರರು.)

ಅವನ ವ್ಯಕ್ತಿತ್ವ ಈ ವಾದಕ್ಕಿಂತ ಹೆಚ್ಚಾಗಿ ಕೈಕೆಲಸದಲ್ಲಿ ಎದ್ದು ಕಾಣುತ್ತದೆ. ಅರಳಿದ ತಾವರೆ, ಬಾಲಚಂದ್ರ, ಸ್ವಸ್ತಿಕ ಮುಂತಾದ ಕನ್ನದ ಆಕಾರಗಳನ್ನು ಎಣಿಸಿ, ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಒಪ್ಪುತ್ತದೆಂದು ತೀರ್ಮಾನಿಸುತ್ತಾನೆ. ಕಾರವಾರದ ಕಡೆಯ ಚಿರೆಕಲ್ಲಿನ ಗೋಡೆಯಾಗಿದ್ದರೆ ಯಾವುದನ್ನು ಆರಿಸುತ್ತಿದ್ದನೋ! ಅಳತೆಯ ದಾರವನ್ನು ಮರೆತು ಬಂದದ್ದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ನಾಲ್ಕು ವೇದ ಬಲ್ಲ, ದಾನವನ್ನೂ ಸ್ವೀಕರಿಸದ ಬ್ರಾಹ್ಮಣನ ಮಗನಾದ ಅವನು, ಹುಟ್ಟಿನಿಂದ ಬಂದ ಗುರುತನ್ನು ತನ್ನಿಷ್ಟದ ಕಸುಬಿಗೆ ಸಲಕರಣೆಯಾಗಿ ಮಾಡಿಕೊಳ್ಳುವ ಈ ಗಳಿಗೆಯಲ್ಲಿ, ಕುಲ ವಿಧಿಸಿದ ಬಾಳನ್ನು ಬಿಟ್ಟು ತಾನೇ ರೂಪಿಸಿಕೊಂಡ ಮನುಷ್ಯನಾಗಿ ನಮಗೆ ಕಾಣುತ್ತಾನೆ. ಬೆಳಿಗ್ಗೆ ಆ ಕನ್ನವನ್ನು ನೋಡಿದ ಮನೆಯ ಯಜಮಾನ, ನಾಟಕದ ನಾಯಕ ಚಾರುದತ್ತನೇ ಅದರ ಅಂದಕ್ಕೆ ಬೆರಗಾಗುತ್ತಾನೆ.

ಆದರೆ ನಿಂದೆ ತನಗಿರಲಿ ಎಂದವನ ಪಾಲಿಗೆ ಆ ನಿಂದೆ ಬರುವುದೇ ಇಲ್ಲ ಎಂಬುದನ್ನು ಪಾತ್ರಧಾರಿ ಗಮನಿಸಿದಂತಿಲ್ಲ. ಕಳುವಾದದ್ದು ಚಾರುದತ್ತನನ್ನು ಪ್ರೀತಿಸುವ ಗಣಿಕೆ ವಸಂತಸೇನೆ ಅವನ ಬಳಿ ಇಡಲು ಕೊಟ್ಟಿದ್ದ ಒಡವೆ. ಬಡವನಾದ ತನ್ನ ಮಾತನ್ನು ಯಾರೂ ನಂಬಲಾರರು, ತಾನೇ ನುಂಗಿಹಾಕಿದೆನೆನ್ನುತ್ತಾರೆ ಎಂದು ಚಾರುದತ್ತ ತಲ್ಲಣಿಸುತ್ತಾನೆ. ಅವನ ಹೆಂಡತಿ ಧೂತೆ ತವರಿನಿಂದ ಬಂದ ತನ್ನ ರತ್ನಹಾರವನ್ನು ಆ ಒಡವೆಗೆ ಬದಲಾಗಿ ಕೊಟ್ಟುಬಿಡುತ್ತಾಳೆ. ತನ್ನ ಸ್ವಾತಂತ್ರ್ಯದ ಬೆಲೆಯನ್ನು ತಾನೇ ತೆರುವೆನೆಂದು ಸಾರಿದವನ ಸಾಲವನ್ನು ಅವನು ಮುಖವನ್ನೇ ನೋಡದ ಹೆಂಗಸೊಬ್ಬಳು ತೀರಿಸುವಾಗ, ಅದನ್ನು ಸ್ವಾತಂತ್ರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಉಳಿದವರ ಪಕ್ಷವನ್ನೂ ನಾನು ವಹಿಸಲಾರೆ. ಶರ್ವಿಲಕ ಕದ್ದದ್ದು ತಾನು ಪ್ರೀತಿಸಿದ, ವಸಂತಸೇನೆಯ ದಾಸಿ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು. ಆ ಒಡವೆಯನ್ನು ಹಿಂದಿರುಗಿಸುವಂತೆ ಮದನಿಕೆಯೇ ಅವನಿಗೆ ಬುದ್ಧಿ ಹೇಳುತ್ತಾಳೆ, ಮರೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ವಸಂತಸೇನೆ ಅವಳನ್ನು ತಾನಾಗಿ ಬಿಟ್ಟುಕೊಡುತ್ತಾಳೆ. ಕದ್ದು ಕೊಳ್ಳಹೊರಟಿದ್ದ ಬಿಡುಗಡೆ ಹೀಗೆ ದಾನವಾಗಿ ಬರುತ್ತದೆ. ಆಗಲೇ ಗೆಳೆಯ ಆರ್ಯಕ ಸೆರೆಯಾದ ಸುದ್ದಿ ಕೇಳಿ, ಆಗಷ್ಟೇ ಕೈಸೇರಿದ ಹೆಂಡತಿಯನ್ನು ಬೇರೆಯವರ ಮನೆಗೆ ಕಳುಹಿಸಿ, ಅವನನ್ನು ಬಿಡಿಸಲು ಹೊರಡುತ್ತಾನೆ. ಈ ಸಲ ಅಪಾಯವೂ ಅಪವಾದವೂ ಅವನ ತಲೆಯ ಮೇಲೆಯೇ. ಪಾತ್ರಧಾರಿ ‘ಸ್ವತಂತ್ರ’ನನ್ನು ತೋರಿಸಬೇಕಾದದ್ದು ಇಲ್ಲಿ.

ಸಮಯ ಉಳಿಸಲು ಧೂತೆಯ ಆ ಪುಟ್ಟ ದೃಶ್ಯವನ್ನು ಕತ್ತರಿಸುವ ಮನಸ್ಸಾದೀತು. ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಬೇಕಿದ್ದರೆ ಕನ್ನದ ವರ್ಣನೆಯಲ್ಲಿ ನಾಲ್ಕು ಸಾಲು ಬಿಡಬಹುದು, ಪಾತ್ರಧಾರಿ ಮುನಿಸಿಕೊಂಡರೂ ಚಿಂತೆಯಿಲ್ಲ.