ಇಸ್ತಾಂಬುಲ್ ಬೀದೀಲಿ ಸಸ್ಯಾಹಾರಿಗೆ ಏನಿದೆ?

ಇಸ್ತಾಂಬುಲ್‌ನಲ್ಲಿ ಎರಡು ದಿನ ಇರ್ತೀನಿ, ಮೊಟ್ಟೆನೂ ತಿನ್ನಲ್ಲ, ಬೀದೀಲಿ ಬರೀ ಕಬಾಬೇನಾ ಅಂತ ಕೇಳಿದ್ರಲ್ಲ, ಅಷ್ಟು ಹೆದರಬೇಡಿ. ಮೊದಲು ಚೀ ಕೊಫ್ತೆ ಹುಡುಕಿ. ಹೆಸರಿನ ಅರ್ಥ ‘ಹಸಿ ಕೊಫ್ತೆ’, ಮೂಲದಲ್ಲಿ ಹಸಿ ಮಾಂಸದ್ದೇ. ಆದ್ರೆ ಈಗ ಅಂಗಡಿಗಳಲ್ಲಿ ಮಾರೋದು ಸಣ್ಣ ಗೋಧಿ ನುಚ್ಚಿಗೆ ಟೊಮೆಟೊ ಪೇಸ್ಟ್, ಇಸೋತ್ ಅನ್ನೋ ಕಪ್ಪು ಛಾಯೆಯ ಮೆಣಸಿನಪುಡಿ ಹಾಕಿ ಚೆನ್ನಾಗಿ ನಾದಿದ್ದು. ತೆಳು ರೊಟ್ಟಿ ಮೇಲೆ ಅದನ್ನ ಬೆರಳಲ್ಲಿ ಒತ್ತಿ ಹರಡಿ, ಸೊಪ್ಪಿಟ್ಟು, ಕಪ್ಪಗಿನ ದಾಳಿಂಬೆ ಹುಳಿ ಸುರಿದು ಸುತ್ತಿ ಕೊಡ್ತಾರೆ. ಖಾರ-ಹುಳಿ ಬೇಕನ್ನೋ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಆದ್ರೂ ‘ಎತ್‌ಸಿಜ್?’ ಅಂತ ಒಂದ್ಸಲ ಕೇಳಿಬಿಡಿ, ಮಾಂಸ ಇಲ್ಲದ್ದಾ ಅಂತ.

ಊರಿನ ಓರ್ತಾಕೊಯ್ ಬಡಾವಣೆ ಕಡೆ ಹೋದ್ರೆ ಕುಂಪಿರ್ ತಿನ್ನಿ. ಬೆಂದ ದಪ್ಪ ಆಲೂಗಡ್ಡೆ ಸೀಳಿ, ಒಳಗೇ ಬೆಣ್ಣೆ, ಚೀಸ್ ಕಲಸಿ, ಮೇಲೆ ನೀವು ಬೆರಳು ತೋರಿಸಿದ್ದನ್ನೆಲ್ಲ ಪೇರಿಸ್ತಾರೆ. ಸಾಸೇಜ್ ಬಿಡಿ, ಮಯೋನೀಸ್ ಸಲಾಡೂ ಬೇಡ, ಮೊಟ್ಟೆ ಇರುತ್ತೆ.

ಮೋಸ ಹೋಗೋದು ಕಡಲೆ ಪಿಲಾವ್ ಗಾಡೀಲಿ. ನೋಡೋಕೆ ಪಾಪದ ಅನ್ನ, ಸಾಮಾನ್ಯವಾಗಿ ಬೇಯಿಸೋದು ಕೋಳಿ ಸಾರಲ್ಲಿ!

ಬೆಳಿಗ್ಗೆಗೆ ಸಿಮಿತ್ ಅನ್ನೋ, ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್, ಮಧ್ಯಾಹ್ನ ಆಯ್ರಾನ್. ನಮ್ಮ ಉಪ್ಪು ಮಜ್ಜಿಗೇನೇ, ಒಗ್ಗರಣೆ ಒಂದಿಲ್ಲ.