ಚಿಕ್ಕ ರಂಗಮಂದಿರದಲ್ಲಿ ಕೆಲಸಕ್ಕೆ ಸೇರಲು ನಾಟಕ ಶಾಲೆಯ ಡಿಪ್ಲೊಮಾ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ನಟನೆಗಾದರೆ ತರಬೇತಿಯಿಂದ ದನಿ, ಮೈ ಎರಡೂ ಪಳಗುತ್ತವೆ, ಅದು ಲಾಭವೇ. ಆದರೆ ನೂರು ಸೀಟಿನ ಜಾಗದಲ್ಲಿ ಬೇಗ ಅವಕಾಶ ಸಿಗುವುದು ತೆರೆಯ ಹಿಂದೆ. ಅಲ್ಲಿ ಸ್ಟೇಜ್ ಮ್ಯಾನೇಜರ್ ಒಬ್ಬರೇ ಲೈಟು, ಸೌಂಡು ಎರಡನ್ನೂ ನೋಡಿಕೊಳ್ಳುವುದು ಮಾಮೂಲು. ಹಾಗಾಗಿ ಮೊದಲು ಕ್ಯೂ, ಅಂದರೆ ಯಾವ ಕ್ಷಣಕ್ಕೆ ಯಾವ ಲೈಟು, ಸೌಂಡು ಬರಬೇಕು ಅನ್ನುವ ಸೂಚನೆ, ಬರೆಯುವುದನ್ನು ಕಲಿಯಿರಿ. ನಾಟಕದ ಪ್ರತಿಯ ಅಂಚಿನಲ್ಲಿ 'ಲೈಟ್ 14, ಬಾಗಿಲು ಮುಚ್ಚಿದ ಕೂಡಲೇ' ಅಂತ, ಪೆನ್ಸಿಲ್‌ನಲ್ಲಿ. ಪೆನ್ನು ಬೇಡ, ರಿಹರ್ಸಲ್‌ನಲ್ಲಿ ದಿನಾ ಬದಲಾಗುತ್ತದೆ! ರಂಗದ ದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ ವ್ಯವಸ್ಥೆಯ ಒಂದು ಲೈನಿನಲ್ಲಿ 512 ಚಾನೆಲ್ ಇರುತ್ತವೆ. ಯಾವ ದೀಪಕ್ಕೆ ಯಾವ ನಂಬರು ಅಂತ ಹೊಂದಿಸಬಲ್ಲವರಿಗೆ ಬೇಡಿಕೆ ಜಾಸ್ತಿ. ಸುಮ್ನೆ ಅರ್ಜಿ ಕಳಿಸುತ್ತಾ ಕೂರುವುದಕ್ಕಿಂತ, ಕೊನೆಯ ಪ್ರದರ್ಶನ ಮುಗಿದ ರಾತ್ರಿ ಸೆಟ್ ಬಿಚ್ಚಲು ಕೈಜೋಡಿಸಿ. ಮೊದಮೊದಲು ದುಡ್ಡು ಸಾಮಾನ್ಯವಾಗಿ ಶೋ ಲೆಕ್ಕದಲ್ಲೇ, ಜೊತೆಗೆ ಇನ್ನೊಂದು ಆದಾಯ ಇಟ್ಟುಕೊಳ್ಳಿ.